ಪೂಜೆಗೆ ಎಳೆದೊಯ್ದ ಯಂತ್ರ

2002ನೇ ಇಸವಿ ಅಕ್ಟೋಬರ್ 16, ಬುಧವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ದಸರೆಯ ಮರುದಿನ. ಅಮರೇಶಪ್ಪ ಶೆಡ್ಡಿನ ಬೀಗ ತೆಗೆದ. ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ್ದ ಬಾಡಿದ ಚೆಂಡುಹೂವಿನ ಮಾಲೆಯನ್ನು ಬಿಚ್ಚಿ ಗೂಟಕ್ಕೆ ತೂಗುಹಾಕಿದ, ಚಕ್ರಕ್ಕೆ ಅಂಟಿ ಬಂದಿದ್ದ ಅಪ್ಪಚ್ಚಿ ನಿಂಬೆಹಣ್ಣನ್ನು ಕಾಲಿನಿಂದ ಕೆಡವಿದ, ಸೀಟಿನಲ್ಲಿ ಕುಳಿತು ಎಂಜಿನ್ ಚಾಲೂ ಮಾಡಿದ.

ಎಂಜಿನ್ ಎಂದಿನಂತೆ ಮೊದಲ ಸಲಕ್ಕೇ ಹತ್ತಿಕೊಂಡಿತು. ಪೆಡಲ್ ಒತ್ತಿದಾಗ ಟ್ರ್ಯಾಕ್ಟರು ಹೊರಗೂ ಬಂತು. ಆದರೆ ಬಂದ ರೀತಿ ಸರಿಯಿರಲಿಲ್ಲ. ಎಂಟು ದಿನ ಜ್ವರದಲ್ಲಿ ಮಲಗಿದ್ದವನು ಗೋಡೆ ಹಿಡಿದು ಬಚ್ಚಲಿಗೆ ಹೊರಟಂತಿತ್ತು. ನೀರಿನ ಟ್ಯಾಂಕಿನ ಪಕ್ಕದ ಏರಿಗೆ ಮುಖ ಮಾಡಿ ಪೆಡಲನ್ನು ಪೂರ್ತಿ ಒತ್ತಿದ. ಅರ್ಧ ಏರು ಹತ್ತುವಷ್ಟರಲ್ಲಿ ಚಕ್ರಗಳು ನಿಂತವು. ಎಂಜಿನ್ ಮಾತ್ರ ಗುಂಯ್‌ಗುಡುತ್ತಲೇ ಇತ್ತು. ಬ್ರೇಕ್ ತುಳಿಯದಿದ್ದರೆ ಹಿಂದಕ್ಕೆ ಉರುಳುತ್ತಿತ್ತು.

ಹೋದ ಶನಿವಾರ ಇದೇ ಏರನ್ನು ಅದು ಮೂವತ್ತೆಂಟು ಸೆಕೆಂಡಿನಲ್ಲಿ ಹತ್ತಿತ್ತು. ಅಂದಾಜಲ್ಲ, ಪ್ರತಿ ಶನಿವಾರ ಕೈಗಡಿಯಾರ ನೋಡಿ ಬರೆದಿಡುವುದು ಅವನ ರೂಢಿ.

ಆ ಟ್ರ್ಯಾಕ್ಟರಿಗೆ ಕ್ಲಚ್ಚಿಲ್ಲ, ಗೇರಿನ ಕೋಲಿಲ್ಲ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಒತ್ತಡದ ಎಣ್ಣೆ ಇನ್ನೊಂದು ಬದಿಯ ಮೋಟಾರನ್ನು ತಿರುಗಿಸುತ್ತದೆ, ಮೋಟಾರಿನಿಂದ ಚಕ್ರ. ಕೈಪಿಡಿಯಲ್ಲಿ ಅದರ ಹೆಸರು ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್. ಶೆಡ್ಡಿನವರ ಬಾಯಲ್ಲಿ ಅದು ಎಣ್ಣೆಡಬ್ಬಿ. ಇಂಥ ಡಬ್ಬಿ ಹಳೆಯದಾದರೆ ಹೇಗೆ ಸೋಲುತ್ತದೆ ಎಂಬುದು ಅಮರೇಶಪ್ಪನಿಗೆ ಗೊತ್ತಿತ್ತು. ಕಾದ ಎಣ್ಣೆ ತೆಳ್ಳಗಾಗಿ ಸಂದುಗಳಲ್ಲಿ ಸೋರಿಹೋಗುತ್ತದೆ, ಬಲ ಕುಗ್ಗುತ್ತದೆ. ಅಂದರೆ ಮುಂಜಾನೆಯ ತಂಪಿನಲ್ಲಿ ಚೆನ್ನಾಗಿ ಓಡಿ, ಗಂಟೆ ಕಳೆದ ಮೇಲೆ ಸುಸ್ತಾಗಬೇಕು. ಅವನು ಕೆಳಗಿಳಿದು ಡಬ್ಬಿಯ ಮೇಲೆ ಅಂಗೈ ಇಟ್ಟ. ಬಂಡೆಗಲ್ಲಿನಷ್ಟು ತಣ್ಣಗಿತ್ತು. ಥರ್ಮಾಮೀಟರ್ ಇಟ್ಟು ನೋಡಿದ: ಇಪ್ಪತ್ತೈದು ಡಿಗ್ರಿ. ಬೆಚ್ಚಗಾಗುವ ಮೊದಲೇ ಸೋತ ಡಬ್ಬಿಯನ್ನು ಅವನು ಈ ಟ್ರ್ಯಾಕ್ಟರು ಬಂದ ಐದು ವರ್ಷಗಳಲ್ಲಿ ಕಂಡಿರಲಿಲ್ಲ.

ಹೈದರಾಬಾದಿನ ಅಂಚಿನಲ್ಲಿದ್ದ ಕೇಂದ್ರ ಸರ್ಕಾರದ ಆ ಸಂಶೋಧನಾ ಸಂಸ್ಥೆಗೆ ಅಮರೇಶಪ್ಪ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಗುಲ್ಬರ್ಗಾದಲ್ಲಿ ಭೌತಶಾಸ್ತ್ರದ ಬಿಎಸ್‌ಸಿ ಮುಗಿಸಿ, ಪ್ರಯೋಗಾಲಯದ ಕೆಲಸ ಸಿಗುತ್ತದೆಂದು ಬಂದವನಿಗೆ ಸಿಕ್ಕಿದ್ದು ತೋಟ ಮತ್ತು ಕಟ್ಟಡಗಳ ವಿಭಾಗ. ಬೇಸರವನ್ನು ಅವನು ಬಹಳ ದಿನ ಸಾಕಲಿಲ್ಲ. ಬಂಡೆಗಳ ನಡುವೆ ಹರಡಿದ ಹನ್ನೆರಡು ಎಕರೆ ಹುಲ್ಲುಹಾಸು, ಅದಕ್ಕೊಂದು ವಿದೇಶಿ ಟ್ರ್ಯಾಕ್ಟರು, ಆ ಟ್ರ್ಯಾಕ್ಟರಿನ ಉಸ್ತುವಾರಿ. ಎಣ್ಣೆ ಎಷ್ಟು, ಶಾಖ ಎಷ್ಟು, ಏರು ಹತ್ತಲು ಹೊತ್ತು ಎಷ್ಟು ಎಂದು ಬರೆದಿಡುವ ನೀಲಿ ರಟ್ಟಿನ ಪುಸ್ತಕವೇ ಅವನ ಪ್ರಯೋಗಾಲಯವಾಯಿತು.

ಮತ್ತೆ ಶೆಡ್ಡಿಗೆ ತಂದು ನಿಲ್ಲಿಸುವಷ್ಟರಲ್ಲಿ ಬಂಡೆಪ್ಪ ಸೈಕಲ್ಲಿನಿಂದ ಇಳಿದ. ಬೀದರಿನ ಕಡೆಯವನು, ಮೂವತ್ನಾಲ್ಕು ವರ್ಷ. ಹನ್ನೊಂದು ವರ್ಷದ ಹಿಂದೆ ಅವನನ್ನು ದಿನಗೂಲಿಗೆ ಸೇರಿಸಿದವನು ಅಮರೇಶಪ್ಪ. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಸಹಿ ಮಾಡುವುದರವರೆಗೆ ಕಲಿಸಿದವನೂ ಅವನೇ. ಡಿಸೆಂಬರಿನಲ್ಲಿ ಕಾಯಂ ಆಗುವವರ ಪಟ್ಟಿಯಲ್ಲಿ ಬಂಡೆಪ್ಪನ ಹೆಸರಿತ್ತು.

"ಅಣ್ಣಾ, ಊರಿಂದ ಯಾವಾಗ ಬಂದ್ರಿ?" ಎನ್ನುತ್ತ ಬಂಡೆಪ್ಪ ಜೇಬಿನಿಂದ ಬನ್ನಿ ಎಲೆ ತೆಗೆದು ಅಮರೇಶಪ್ಪನ ಕೈಗಿಟ್ಟ, ಬಾಗಿ ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣು."

"ಬಂಗಾರದಂಗ ಇರೂಣಪ್ಪ," ಎಂದು ಅಮರೇಶಪ್ಪ ಅವನನ್ನು ಎಬ್ಬಿಸಿ ಅಪ್ಪಿಕೊಂಡ. "ಬಂಡು, ಗಾಡಿ ಏರು ಹತ್ತವಲ್ದು."

ಬಂಡೆಪ್ಪನ ಕೈ ಅವನ ಬೆನ್ನ ಮೇಲೆ ಒಂದು ಕ್ಷಣ ಗಟ್ಟಿಯಾಯಿತು. ಆಮೇಲೆ ಸಡಿಲವಾಯಿತು.

"ಹೌದಾ? ಪೂಜಿ ದಿನ ಛಲೋ ಇತ್ತಲ್ರಿ."

"ಪೂಜಿ ದಿನ ಚಾಲೂ ಮಾಡಿದ್ರೇನು?"

"ಛೇ ಛೇ. ನೀವು ಮಾಡಿಟ್ಟ ಪದ್ಧತಿ ಬಿಡ್ತೀವೇನ್ರಿ? ಅಷ್ಟಮಿ ಸಂಜಿಂದ ಪೂಜಿ ಮುಗಿಯೂತನಾ ಕೀಲಿ ಮುಟ್ಟಿಲ್ಲ. ಕೈಲೇ ನೂಕ್ಕೊಂಡು ಹೋದ್ವಿ, ನಾಕು ಮಂದಿ."

"ಕಡ್ಡಿ ಎಳದಿದ್ಯಾ?"

"ಎಳೀಲಾರದ ನೂಕಾಕ ಆಗ್ತದೇನ್ರಿ?" ಎಂದು ಬಂಡೆಪ್ಪ ನಕ್ಕ. "ಹೂವಿನ ಗಿಡಕ್ಕ ನೀರು ಬಿಡಬೇಕು, ಬರ್ತೀನಿ," ಎಂದು ಸೈಕಲ್ ಹತ್ತಿ ಹೊರಟೇಹೋದ.

ಆ ಪದ್ಧತಿ ಹಾಕಿದವನು ಅಮರೇಶಪ್ಪನೇ ನಿಜ. ಆಯುಧಪೂಜೆ ಅಂದರೆ ಯಂತ್ರಕ್ಕೆ ವಿಶ್ರಾಂತಿ. ಅಷ್ಟಮಿಯ ಸಂಜೆ ನಿಲ್ಲಿಸಿದ್ದನ್ನು ನವಮಿಯ ಪೂಜೆ ಮುಗಿದು, ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತುವವರೆಗೆ ಚಾಲೂ ಮಾಡಬಾರದು. ಶೆಡ್ಡಿನಿಂದ ಆಡಳಿತ ಕಟ್ಟಡದ ಮುಂದಿನ ಪೂಜೆಯ ಜಾಗಕ್ಕೆ ಟ್ರ್ಯಾಕ್ಟರನ್ನು ಪ್ರತಿ ವರ್ಷ ತಳ್ಳಿಕೊಂಡೇ ಹೋಗುತ್ತಿದ್ದರು. ಹಿಂದಿನ ಚಕ್ರಗಳ ನಡುವೆ ಬೆರಳುಗಾತ್ರದ ಒಂದು ಕಡ್ಡಿಯಿದೆ. ಅದನ್ನು ಎಳೆದು ಕೊಂಡಿಗೆ ಸಿಕ್ಕಿಸಿದರೆ ಎಣ್ಣೆಗೆ ಬೈಪಾಸ್ ದಾರಿ ತೆರೆದು ಚಕ್ರಗಳು ಹಗುರಾಗುತ್ತವೆ. ಹಾಗೆ ಮಾಡಿದ ಮೇಲೂ ಕೈಯಿಂದ ನಿಧಾನವಾಗಿ ತಳ್ಳಬೇಕೇ ಹೊರತು ಹಗ್ಗ ಕಟ್ಟಿ ಎಳೆಯಕೂಡದು. ಅದನ್ನು ಕಾಯಲು ಅಮರೇಶಪ್ಪ ಪ್ರತಿ ವರ್ಷ ಟ್ರ್ಯಾಕ್ಟರಿನ ಪಕ್ಕದಲ್ಲೇ ನಡೆಯುತ್ತಿದ್ದ. ಈ ವರ್ಷ ಅವನು ಲಿಂಗಸುಗೂರಿಗೆ, ಅಕ್ಕನ ಮನೆಗೆ ಹೋಗಿದ್ದ. ಹೆಂಡತಿ ಉಮಾಬಾಯಿ ಹೋಗಿರಲಿಲ್ಲ. ಮನೆಯಲ್ಲಿ ಘಟ ಕೂಡಿಸಿ ನಂದಾದೀಪ ಹಚ್ಚಿದ್ದರಿಂದ ಅವಳು ಕ್ವಾರ್ಟರ್ಸ್ ಬಿಟ್ಟು ಹೊರಡುವಂತಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅಮರೇಶಪ್ಪ ಪೂಜೆಯ ಜಾಗದ ಕಡೆ ನಡೆದುಹೋದ. ಏನನ್ನೂ ಹುಡುಕಿಕೊಂಡು ಹೊರಟವನಲ್ಲ. ಒಗಟು ತಲೆಯಲ್ಲಿದ್ದಾಗ ಅವನ ಕಾಲು ನಿಲ್ಲುತ್ತಿರಲಿಲ್ಲ, ಅಷ್ಟೇ. ಶೆಡ್ಡಿನ ತಿರುವು ದಾಟಿ ಡಾಂಬರು ರಸ್ತೆ ಶುರುವಾಗುವಲ್ಲಿ ಎರಡು ಕಪ್ಪು ಗೆರೆಗಳಿದ್ದವು, ಒಂದಕ್ಕೊಂದು ಸಮಾಂತರವಾಗಿ. ಉರುಳದೆ ಉಜ್ಜಿಕೊಂಡು ಹೋದ ರಬ್ಬರಿನ ಗುರುತು. ಅಲ್ಲಲ್ಲಿ ಗೆರೆ ಕಡಿದಿತ್ತು. ಅಲ್ಲಿ ಚಕ್ರ ಬಲವಂತವಾಗಿ ತಿರುಗಿರಬೇಕು. ಕ್ಯಾಂಟೀನ್ ದಾಟಿದ ಮೇಲೆ ಗೆರೆಗಳೇ ಇರಲಿಲ್ಲ. ಅಷ್ಟರಲ್ಲಿ ಎಣ್ಣೆ ಕಾದು ನೀರಾಗಿ, ಚಕ್ರಗಳು ಸಲೀಸಾಗಿ ಉರುಳಿದ್ದವು. ಅವನು ಮೊಣಕಾಲೂರಿ ಎರಡು ಗೆರೆಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದ. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಅಂತರವೇ.

ನಾಲ್ಕು ಜನ ನೂಕಿದರೆ ಇಂಥ ಗೆರೆ ಮೂಡುವುದಿಲ್ಲ. ಇದು ಹಗ್ಗದ ಕೆಲಸ, ಕಡ್ಡಿ ಎಳೆಯದೆ ಮಾಡಿದ ಕೆಲಸ. ಚಕ್ರ ಮೋಟಾರನ್ನು ತಿರುಗಿಸಿತ್ತು, ಮೋಟಾರು ಎಣ್ಣೆಯನ್ನು ಒತ್ತಿತ್ತು, ಎಣ್ಣೆಗೆ ಹೋಗಲು ದಾರಿಯಿರಲಿಲ್ಲ. ಎಂಜಿನ್ ನಿಂತಿದ್ದರಿಂದ ಹೊಸ ಎಣ್ಣೆ ಒಳಗೆ ಬಂದಿರಲಿಲ್ಲ. ಕನ್ನಡಿಯಂತೆ ನಯವಾಗಿರಬೇಕಾದ ಲೋಹ ಒಣಗಿ ಲೋಹದ ಮೇಲೆ ಉಜ್ಜಿತ್ತು.

ಕೂಡಲೇ ಹೋಗಿ ಬಂಡೆಪ್ಪನ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ತಪ್ಪು ಮಾಡಿದವನಿಗೆ ತಾನಾಗಿ ಹೇಳಲು ಒಂದು ದಿನದ ಅವಕಾಶ ಬೇಕು ಎಂದುಕೊಂಡ. ಬುಧವಾರ ಕಾದ. ಗುರುವಾರ ಕಾದ. ಗುರುವಾರ ಬಂಡೆಪ್ಪ ಮೂರು ಸಲ ಎದುರಾದ. ಒಮ್ಮೆ ಚಹಾ ತಂದುಕೊಟ್ಟ, ಒಮ್ಮೆ ಊರಿನ ಮಳೆ ಹೇಗಿದೆ ಎಂದು ಕೇಳಿದ, ಒಮ್ಮೆ ಸುಮ್ಮನೆ ನಕ್ಕ.

ಶುಕ್ರವಾರ ಹನ್ನೊಂದಕ್ಕೆ ಅಮರೇಶಪ್ಪನಿಗೆ ಆಡಳಿತಾಧಿಕಾರಿ ಸುಬ್ಬರಾಯರ ಕೋಣೆಯಿಂದ ಕರೆ ಬಂತು.

ಸುಬ್ಬರಾಯರು ಮೈಸೂರು ಕಡೆಯವರು, ಮಾತು ಬೆಣ್ಣೆ. "ಬನ್ನಿ ಅಮರೇಶಪ್ಪ, ಕೂತ್ಕೊಳ್ಳಿ. ಊರಲ್ಲಿ ಹಬ್ಬ ಚೆನ್ನಾಗಾಯ್ತಾ?" ಎಂದು ಒಂದು ಹಾಳೆಯನ್ನು ಮುಂದಕ್ಕೆ ತಳ್ಳಿದರು. ಮೆಮೋ. ಬೇಸಿಗೆಯಲ್ಲಿ ವಿಪರೀತ ದುಡಿಸಿದ್ದರಿಂದ ಟ್ರ್ಯಾಕ್ಟರಿನ ಟ್ರಾನ್ಸ್‌ಮಿಷನ್ ಶಾಖಕ್ಕೆ ಹಾಳಾಗಿದೆ, ಉಸ್ತುವಾರಿಯವರ ನಿರ್ಲಕ್ಷ್ಯವೇ ಕಾರಣವೆಂದು ಕಾಣುತ್ತದೆ, ಸಮಜಾಯಿಷಿ ಕೊಡುವುದು. ಅದಕ್ಕೆ ನೀಲಿ ಪುಸ್ತಕದ ಒಂದು ಪುಟದ ಜೆರಾಕ್ಸ್ ಲಗತ್ತಿಸಿತ್ತು. ಮೇ 14, ಮಧ್ಯಾಹ್ನ ಎರಡು, ಏರಿನ ಮೇಲೆ ಒಂದೂವರೆ ಗಂಟೆ ಕೆಲಸ, ಡಬ್ಬಿಯ ಶಾಖ ತೊಂಬತ್ತಾರು ಡಿಗ್ರಿ. ಅಮರೇಶಪ್ಪನದೇ ಅಕ್ಷರ.

"ಇದು ಮೇ ತಿಂಗಳದು ಸರ್. ಡಬ್ಬಿಗೆ ಗಾಳಿ ತಾಗಲಿ ಅಂತ ಮಾಡಿದ ಸಂದಿನ್ಯಾಗ ಹುಲ್ಲು ತುಂಬಿತ್ತು. ತೆಗದು, ಮುಂಜಾನಿ ಅಷ್ಟೇ ಗಾಡಿ ನಡಸಾಕ ಸುರು ಮಾಡಿದೆ. ಎಪ್ಪತ್ತೊಂದಕ್ಕ ಇಳೀತು. ಮುಂದಿನ ಹಾಳ್ಯಾಗ ಐತಿ."

"ಮುಂದಿನ ಹಾಳೆ ನನ್ನ ಗಮನಕ್ಕೆ ಬಂದಿಲ್ಲ."

"ಪುಸ್ತಕ ನಿಮ್ಮ ಟೇಬಲ್ ಮ್ಯಾಲೇ ಐತಲ್ರಿ ಸರ್."

ಸುಬ್ಬರಾಯರು ಆ ಪುಸ್ತಕವನ್ನೊಮ್ಮೆ ನೋಡಿ, ಅದರ ಮೇಲೆ ಬೇರೊಂದು ಫೈಲ್ ಇಟ್ಟರು. "ನಾನೊಬ್ಬನೇ ಹೇಳ್ತಿರೋದಲ್ಲ. ನಿಮ್ಮ ಜೊತೆ ಕೆಲಸ ಮಾಡೋರ ಹೇಳಿಕೇನೂ ಇದೆ."

ಎರಡನೆಯ ಹಾಳೆ. ಗಾಡಿ ಬೇಸಿಗೆಯಿಂದಲೇ ಕಾಯುತ್ತಿತ್ತು, ನಿಲ್ಲಿಸೋಣವೆಂದು ನಾನು ಎರಡು ಮೂರು ಸಲ ಹೇಳಿದೆ, ಅವರು ಕೇಳಲಿಲ್ಲ. ಪೂಜೆಯ ದಿನ ಗಾಡಿಯನ್ನು ಕೈಯಿಂದ ತಳ್ಳಿಕೊಂಡು ಹೋದೆವು. ಕೆಳಗೆ ಬಂಡೆಪ್ಪನ ಸಹಿ. ಆ ಸಹಿಯ ಕೊನೆಯ ಒತ್ತಕ್ಷರವನ್ನು ಅವನು ಉದ್ದಕ್ಕೆ ಎಳೆಯುತ್ತಿದ್ದ. ಎಳೆಯಬೇಡ, ಬ್ಯಾಂಕಿನವರು ಒಪ್ಪುವುದಿಲ್ಲ ಎಂದು ಅಮರೇಶಪ್ಪ ತಿದ್ದಿ ತಿದ್ದಿ ಸೋತಿದ್ದ. ಇಲ್ಲಿ ಅದು ಎಳೆಯದೆ, ಅಚ್ಚುಕಟ್ಟಾಗಿ ಬಿದ್ದಿತ್ತು.

"ರಸ್ತೆ ಮ್ಯಾಲೆ ರಬ್ಬರಿನ ಗೆರಿ ಅದಾವ ಸರ್. ಬರ್ರಿ, ತೋರಸ್ತೀನಿ. ಯಾರೋ ಗಾಡೀನ ಹಗ್ಗ ಕಟ್ಟಿ ಎಳದಾರ."

"ರಸ್ತೆ ಮೇಲೆ ನೂರು ಗಾಡಿ ಓಡಾಡ್ತವೆ." ಸುಬ್ಬರಾಯರು ದನಿ ತಗ್ಗಿಸಿದರು. "ನೋಡಿ, ಇದು ದೊಡ್ಡದಾಗೋದು ಬೇಡ. ಮಂಗಳವಾರ ರಿಪೇರಿಯವನು ಬಂದು ಡಬ್ಬಿ ಬಿಚ್ತಾನೆ. ಬಿಚ್ಚಿದ ವರದಿಗೆ ನಿಯಮದ ಪ್ರಕಾರ ಉಸ್ತುವಾರಿಯವರೇ ಸಹಿ ಹಾಕಬೇಕು. ಕಾರಣ ಅನ್ನೋ ಕಡೆ ಶಾಖದಿಂದ ಸವೆತ ಅಂತ ಒಂದು ಸಾಲು ಬರೀರಿ. ನಿಮ್ಮ ಸರ್ವಿಸ್ ಬುಕ್‌ನಲ್ಲಿ ಒಂದು ಎಚ್ಚರಿಕೆ, ಅಲ್ಲಿಗೆ ಮುಗೀತು. ಉಸ್ತುವಾರಿ ಮಾತ್ರ ಬೇರೆಯವರಿಗೆ ಹೋಗುತ್ತೆ. ಬಂಡೆಪ್ಪನಿಗೇ ಕೊಡೋಣ ಅಂತಿದ್ದೀನಿ. ನೀವೇ ತಯಾರು ಮಾಡಿದ ಹುಡುಗ, ನಿಮಗೂ ಸಂತೋಷ ಅಲ್ವಾ?"

ಅಮರೇಶಪ್ಪ ಎದ್ದುಬಂದ. ಇಪ್ಪತ್ತೊಂದು ವರ್ಷದ ಸರ್ವಿಸ್ ಬುಕ್ಕಿನಲ್ಲಿ ಒಂದೂ ಕೆಂಪು ಶಾಯಿಯ ಸಾಲಿರಲಿಲ್ಲ. ಆದರೆ ಮೆಟ್ಟಿಲಿಳಿಯುವಾಗ ಅವನನ್ನು ಕೊರೆಯುತ್ತಿದ್ದದ್ದು ಅದಲ್ಲ. ಪುಸ್ತಕ ಇರುತ್ತಿದ್ದದ್ದು ಮನೆಯ ಕಪಾಟಿನಲ್ಲಿ. ಅದು ಕಾಲು ಮೂಡಿ ಸುಬ್ಬರಾಯರ ಮೇಜಿಗೆ ನಡೆದುಬಂದಿರಲಾರದು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಉಮಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲೇ ನಿಂತ.

"ಪುಸ್ತಕ ಯಾರಿಗೆ ಕೊಟ್ಟಿ?"

"ನಿನ್ನೆ ಬಂಡು ಬಂದಿದ್ದಲ್ರಿ. ಸಾಹೇಬ್ರು ಕೇಳ್ಯಾರ ಅಂದ."

"ಕೊಟ್ಟೆ ಅಂತ ನಂಗ ಹೇಳಬೇಕು ಅನಸಲಿಲ್ಲ?"

ರೊಟ್ಟಿಯ ಸದ್ದು ನಿಂತಿತು. ಇಪ್ಪತ್ತು ವರ್ಷ ಬಾಳುವೆ ಮಾಡಿದವಳ ಬೆನ್ನು ನೋಡಿದರೆ ಸಾಕು, ಗೊತ್ತಾಗುತ್ತದೆ. ಅವನಿಗೂ ಗೊತ್ತಾಯಿತು.

"ಉಮಾ. ಗಾಡಿ ಎಳಕೊಂಡು ಹೋಗಿದ್ದು ನಿನಗ ಗೊತ್ತಿತ್ತು."

"ನವಮಿ ದಿನಾನ ಶಿವದೇವಿ ಬಂದು ಅತ್ತಳ್ರಿ," ಎಂದಳು ಉಮಾಬಾಯಿ. ಶಿವದೇವಿ ಬಂಡೆಪ್ಪನ ಹೆಂಡತಿ. "ನಂದಾದೀಪದ ಮುಂದ ಕುಂತು, ವೈನಿ, ನನ್ನ ಗಂಡ ಕೆಡಿಸಿಬಿಟ್ಟಾನ, ಅಣ್ಣಾಗ ಹೇಳಬ್ಯಾಡ್ರಿ ಅಂತ ಕೈ ಹಿಡಕೊಂಡಳು. ಘಟದ ಮುಂದ ಹೆಣ್ಣುಮಗಳು ಕೈ ಹಿಡದ್ರ ಏನ್ ಮಾಡ್ಲಿ?"

"ಘಟ ಎತ್ತಿ ಮೂರು ದಿನಾತು."

"ಬಂಡು ತಾನಾ ಹೇಳ್ತೀನಿ ಅಂದಿದ್ದ."

"ಹೇಳ್ಯಾನ. ಸಹಿ ಮಾಡಿ ಹೇಳ್ಯಾನ. ಗಾಡಿ ಕೆಡಿಸಿದಾಂವ ಅಮರೇಶಪ್ಪ ಅಂತ."

ಅವಳು ತಿರುಗಿದಳು. ಹಣೆಗೆ ಹಿಟ್ಟು ಮೆತ್ತಿತ್ತು. ಈ ಮಾತು ಅವಳಿಗೂ ಹೊಸದೇ. ಆದರೂ ಹೇಳಿದಳು: "ಪಾಪ, ಹೆದರ್ಯಾನ್ರಿ. ನಿಮಗೇನಾಗ್ತದ? ನೀವು ಪರ್ಮನೆಂಟ್ ಅದೀರಿ. ಬೈತಾರ, ಬಿಡ್ತಾರ. ಅವನ್ನ ಮನೀಗೆ ಕಳಸ್ತಾರ. ಅವನ ಮಕ್ಳು ನಮ್ಮ ಮನ್ಯಾಗ ಬೆಳದಾವ."

"ಭಾಳ ಛಲೋ ಆತು," ಎಂದ ಅಮರೇಶಪ್ಪ. "ಇವಗೇನೂ ಆಗಂಗಿಲ್ಲ ಅಂತ ಎಲ್ಲಾರೂ ಕೂಡೇ ಗೊತ್ತು ಮಾಡೀರಿ. ನನ್ನೊಬ್ಬನ್ನ ಬಿಟ್ಟು."

ಕೈ ತೊಳೆದು ಕುಳಿತು ಎರಡು ರೊಟ್ಟಿ ಉಂಡ. ಅವಳು ಮೂರನೆಯದನ್ನು ಹಾಕಲು ಬಂದಾಗ ತಟ್ಟೆಗೆ ಅಡ್ಡ ಕೈ ಹಿಡಿದ.

ಭಾನುವಾರ ಬೆಳಿಗ್ಗೆ ಬಂಡೆಪ್ಪ ತಾನಾಗಿ ಬಂದ. ಕೈಚೀಲದ ತುಂಬ ಸೀತಾಫಲ. ಉಮಾಬಾಯಿ ನೀರು ಕೊಟ್ಟು ಒಳಗೆ ಹೋದಳು. ಹೋಗುವಾಗ ಬಾಗಿಲನ್ನು ಅರ್ಧ ಮಾತ್ರ ಮುಂದೆ ಮಾಡಿದಳು.

"ಅಣ್ಣಾ, ಹಣ್ಣು ಭಾಳ ಸಿಹಿ ಅದಾವ್ರಿ."

"ಬೀಜಾನೂ ಭಾಳ ಇರ್ತಾವ."

ಬಂಡೆಪ್ಪ ಚೀಲವನ್ನು ಗೋಡೆಗೆ ಒರಗಿಸಿದ. ಅದು ಒರಗಲಿಲ್ಲ, ಎರಡು ಹಣ್ಣು ಉರುಳಿದವು. ಅವುಗಳನ್ನು ಹಿಡಿದು ಒಳಗೆ ಹಾಕಲು ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಹೇಳಪ್ಪ, ಹೆಂಗಾತು?" ಎಂದ ಅಮರೇಶಪ್ಪ. "ಕತಿ ಆದ್ರೂ ಕೇಳೂಣು."

"ಡೈರೆಕ್ಟರ್ ಸಾಹೇಬ್ರು ಹತ್ತಕ್ಕ ಬರೋರಿದ್ರು. ಒಂಬತ್ತೂ ಮುಕ್ಕಾಲಾಗಿತ್ತು. ನೂಕಾಕ ಮಂದಿ ಇದ್ದಿಲ್ಲ, ಎಲ್ಲಾರೂ ಹೂವು ಕಟ್ಟಾಕ ಹೋಗಿದ್ರು. ಸುಬ್ಬರಾಯ ಸಾಹೇಬ್ರು ಬಂದು, ಟ್ರ್ಯಾಕ್ಟರ್ ಎಲ್ಲಿ, ಫೋಟೋ ತೆಗೀಬೇಕು ಅಂತ ಒದರಿದ್ರು. ಚಾಲೂ ಮಾಡಂಗಿಲ್ರಿ, ಪೂಜಿ ಆಗಿಲ್ಲ ಅಂದೆ. ಹಂಗಾದ್ರ ನನ್ನ ಜೀಪಿಗೆ ಕಟ್ಟು ಅಂದ್ರು."

"ಜೀಪು ಚಾಲೂ ಮಾಡಿದ್ರ ನಡೀತದೇನು?"

"ಅದರ ಪೂಜಿ ಮುಂಜಾನೇನೇ ಪೆದ್ದಮ್ಮ ಗುಡ್ಯಾಗ ಆಗಿತ್ತಂತ."

ಅಮರೇಶಪ್ಪನಿಗೆ ನಗು ಬಂತು. ಬಂದದ್ದು ನಗುವಿನಂತೆ ಕೇಳಿಸಲಿಲ್ಲ.

"ಬೇಗಂ ಬಜಾರಿಂದ ತಂದ ಹೊಸಾ ಹಗ್ಗ ಇತ್ತು, ಕಟ್ಟಿದೆ. ಅವರು ಹಾರ್ನ್ ಮ್ಯಾಲೆ ಹಾರ್ನ್ ಹೊಡ್ಯಾಕತ್ತಿದ್ರು..."

"ಕಡ್ಡಿ?"

ಬಂಡೆಪ್ಪ ನೆಲ ನೋಡಿದ. "ಮರ್ತೆ ಅಣ್ಣಾ."

"ಕೊನೀತನಾ ನೆನಪಾಗಲಿಲ್ಲ?"

"ಕ್ಯಾಂಟೀನ್ ಹತ್ರ ಆತು. ಸುಟ್ಟ ವಾಸನಿ ಬಂತು, ಆವಾಗ ಆತು."

"ಆವಾಗ ನಿಂದರಸಬೇಕಿತ್ತಲ್ಲ."

"ಎಲ್ಲಾರೂ ಸಾಲಾಗಿ ನಿಂತಿದ್ರು. ಅಲ್ಲಿ ಇಳದು ಕಡ್ಡಿ ಎಳದ್ರ, ಅಮರೇಶಪ್ಪ ಕಲಿಸಿದ್ದು ಇಷ್ಟೇ ಏನು ಅಂತಿದ್ರು."

"ಓಹೋ. ನನ್ನ ಮರ್ಯಾದಿ ಉಳಸಾಕ ನನ್ನ ಗಾಡಿ ಸುಟ್ಟಿ."

"ಹಂಗಲ್ಲಣ್ಣಾ..."

"ಮತ್ತ ಹೇಳಿಕಿ? ಎರಡು ಮೂರು ಸಲ ಹೇಳಿದೆ, ಕೇಳಲಿಲ್ಲ ಅಂತ ಬರದೀಯಲ್ಲ. ಒಂದು ಸಲನಾದ್ರೂ ಹೇಳಿದ್ಯೇನೋ?"

"ಅದು ಸಾಹೇಬ್ರು ಬರಸಿದ್ದು. ಜೀಪು ಅವರದು, ಮಾತು ಅವರದು. ನಾ ಖರೇ ಬರದ್ರ ಡಿಸೆಂಬರ್ ಪಟ್ಟಿಯಾಗ ನನ್ನ ಹೆಸರು ಇರ್ತಿತ್ತೇನ್ರಿ?" ಬಂಡೆಪ್ಪನ ದನಿ ಮೊದಲ ಸಲ ಏರಿತು. "ನಿಮಗೇನ್ರಿ ಅಣ್ಣಾ, ನಿಮಗ ಒಂದು ಮೆಮೋ. ನನಗ ಹನ್ನೊಂದು ವರ್ಷ."

ಹೆಂಡತಿ ಆಡಿದ ಮಾತೇ. ಬಹುಶಃ ಇದನ್ನು ಅವರು ಒಟ್ಟಿಗೇ ಕುಳಿತು ಆಡಿಕೊಂಡಿದ್ದರು, ಈ ಮನೆಯಲ್ಲಿ, ಇವನು ಲಿಂಗಸುಗೂರಿನಲ್ಲಿ ಹೋಳಿಗೆ ಉಣ್ಣುತ್ತಿದ್ದಾಗ. ಅಮರೇಶಪ್ಪನಿಗೆ ಎದೆಯಲ್ಲಿ ಏನೋ ಸಣ್ಣಗೆ, ಒಣಗಿ ಉಜ್ಜಿದಂತಾಯಿತು.

"ಬುಧವಾರ ಮುಂಜಾನಿ ಹೇಳಿದ್ರ," ಎಂದ ನಿಧಾನವಾಗಿ, "ನಾನಾ ಬರೀತಿದ್ದೆ. ಕಡ್ಡಿ ಎಳಿ ಅಂತ ಹೇಳಿ ಹೋಗೋದು ಮರತೀನಿ, ತಪ್ಪು ನಂದು ಅಂತ. ಆಣಿ ಮಾಡಿ ಹೇಳ್ತೀನಿ ಬಂಡು, ಬರೀತಿದ್ದೆ."

"ಈಗ ಬರೀರಲ್ಲಣ್ಣಾ." ಬಂಡೆಪ್ಪ ತಲೆಯೆತ್ತಿದ. ಕಣ್ಣಲ್ಲಿ ನೀರಿತ್ತು, ಆಸೆಯೂ ಇತ್ತು. "ಶಾಖದಿಂದ ಅಂತ. ಒಂದಾ ಸಾಲು. ಸಾಹೇಬ್ರು ಹೇಳ್ಯಾರಲ್ಲ."

ಕ್ಷಮಿಸಿ ಎಂದು ಅವನು ಕೇಳುತ್ತಾನೆಂದು ಅಮರೇಶಪ್ಪ ಕಾಯುತ್ತಿದ್ದ. ಅವನು ಬಂದದ್ದು ಸಹಿ ಕೇಳಲು.

"ಹಣ್ಣು ತಗೊಂಡು ಹೋಗು," ಎಂದ.

ಮಂಗಳವಾರ ಹತ್ತೂವರೆಗೆ ಸಿಕಂದರಾಬಾದಿನಿಂದ ರಿಪೇರಿಯವನು ಬಂದ. ಹೆಸರು ನರಸಿಂಹ, ಎತ್ತರದ ಆಳು. ಬಂದವನೇ ಶೆಡ್ಡಿನ ನೆಲಕ್ಕೆ ಬಿಳಿ ಬಟ್ಟೆ ಹಾಸಿದ. ಸುಬ್ಬರಾಯರು ಕುರ್ಚಿ ತರಿಸಿಕೊಂಡು ಬಾಗಿಲ ಬಳಿ ಕುಳಿತರು. ಬಂಡೆಪ್ಪ ಡಬ್ಬಿಯ ಕೆಳಗೆ ಎಣ್ಣೆ ಹಿಡಿಯುವ ತಟ್ಟೆ ಇಟ್ಟ. ಎಣ್ಣೆ ಕಪ್ಪಗೆ ಇಳಿಯಿತು, ಕಮಟು ವಾಸನೆ ಹೊಡೆಯುತ್ತಿತ್ತು. ತಟ್ಟೆಯನ್ನು ಬಿಸಿಲಿಗೆ ಓರೆಮಾಡಿದಾಗ ಅದರಲ್ಲಿ ಬೆಳ್ಳಿಪುಡಿಯಂಥದ್ದು ಮಿನುಗಿತು.

ಅಮರೇಶಪ್ಪ ಅಳತೆಯ ವಿಭಾಗದಿಂದ ಗೀರಿನ ಆಳ ಅಳೆಯುವ ಡಯಲ್ ಗೇಜ್ ಕೇಳಿ ತಂದಿದ್ದ. ವರದಿಯ ಹಾಳೆ ಮೊಣಕಾಲ ಮೇಲಿತ್ತು. ಹಿಂದಿನ ರಾತ್ರಿ ಅವನು ಒಂದು ನಿರ್ಧಾರಕ್ಕೆ ಬಂದಿದ್ದ, ಬೆಳಿಗ್ಗೆ ಅದನ್ನು ಬಿಟ್ಟಿದ್ದ, ಬರುವ ದಾರಿಯಲ್ಲಿ ಮತ್ತೆ ಹಿಡಿದಿದ್ದ. ಶಾಖ ಎಂದು ಬರೆದರೆ ಉಸ್ತುವಾರಿ ಹೋಗುತ್ತದೆ, ಸರ್ವಿಸ್ ಬುಕ್ಕಿಗೆ ಕೆಂಪು ಸಾಲು ಬೀಳುತ್ತದೆ, ಬಂಡೆಪ್ಪ ಉಳಿಯುತ್ತಾನೆ. ಎಳೆದದ್ದು ಎಂದು ಬರೆದರೆ ತಾನು ಉಳಿಯುತ್ತೇನೆ, ಸುಳ್ಳು ಹೇಳಿಕೆ ಕೊಟ್ಟವನ ಹೆಸರು ಡಿಸೆಂಬರಿನ ಪಟ್ಟಿಯಿಂದ ಹೋಗುತ್ತದೆ. ಒಂದು ವೇಳೆ ಒಳಗಿನ ಲೋಹ ನಿಜಕ್ಕೂ ಶಾಖಕ್ಕೇ ಸವೆದಿದ್ದರೆ ಎಂಬ ಆಸೆಯೂ ಅವನಲ್ಲಿತ್ತು. ಹಾಗಿದ್ದರೆ ಸತ್ಯವನ್ನೇ ಬರೆದು ಎಲ್ಲರನ್ನೂ ಉಳಿಸಬಹುದಿತ್ತು.

ನರಸಿಂಹ ಮೊದಲು ಪಂಪಿನ ಬದಿಯ ತಟ್ಟೆಯನ್ನು ತೆಗೆದು ಒರೆಸಿದ. ಅಂಗೈಯಷ್ಟಗಲದ ಉಕ್ಕು. ಮುಖ ಕಾಣುವಷ್ಟು ನುಣುಪಾಗಿತ್ತು. ಆಮೇಲೆ ಮೋಟಾರಿನ ಬದಿಯದನ್ನು ತೆಗೆದ. ಒರೆಸಿದವನು ಶಿಳ್ಳೆ ಹಾಕಿದ.

"ಅರೆ, ಏ ಗರ್ಮೀ ಕಾ ಕಾಮ್ ನಹೀ ಸಾರ್," ಎಂದ. "ಖೀಂಚೇ ಸೋ ಗಾಡಿ ಹೈ ಯೇ." ಶಾಖದ ಕೆಲಸವಲ್ಲ, ಎಳೆದ ಗಾಡಿ ಇದು. ಸುಬ್ಬರಾಯರಿಗೆ ಅರ್ಥವಾಗಲಿಲ್ಲವೇನೋ ಎಂದು ಅದನ್ನೇ ತೆಲುಗಿನಲ್ಲೂ ಹೇಳಿದ.

ಸುಬ್ಬರಾಯರು ಎದ್ದು ಕುರ್ಚಿಯ ಹಿಂದೆ ನಿಂತರು. "ಅವನಿಗೇನು ಗೊತ್ತು? ಅಮರೇಶಪ್ಪ, ನೀವು ಬರೀರಿ."

ಗೊತ್ತಾಗಲು ಪದವಿಯೇನೂ ಬೇಕಿರಲಿ‌ಲ್ಲ. ಶಾಖವಾಗಿದ್ದರೆ ಎರಡೂ ತಟ್ಟೆಗಳು ಸವೆಯಬೇಕಿತ್ತು; ಒಂದೇ ಎಣ್ಣೆ, ಒಂದೇ ಬಿಸಿ. ಎಂಜಿನ್ ನಿಂತಿದ್ದಾಗ ತಿರುಗದೆ ಇರುವುದು ಪಂಪು. ಚಕ್ರ ಎಳೆದಾಗ ತಿರುಗುವುದು ಮೋಟಾರು. ಒಂದು ಕನ್ನಡಿ, ಇನ್ನೊಂದು ಉಳುಮೆ ಮಾಡಿದ ಹೊಲ. ಲೋಹಕ್ಕೆ ಪರ್ಮನೆಂಟ್ ಯಾರು, ದಿನಗೂಲಿ ಯಾರು ಎಂಬುದು ತಿಳಿಯದು.

ಅವನು ಪೆನ್ನಿನ ಮುಚ್ಚಳ ತೆಗೆದ. ಪಂಪಿನ ತಟ್ಟೆ: ಗೀರಿಲ್ಲ. ಮೋಟಾರಿನ ತಟ್ಟೆ: ಬಳೆಯಾಕಾರದ ಹೊಸ ಗೀರು, ಏಳು.

"ಅಣ್ಣಾ," ಎಂದ ಬಂಡೆಪ್ಪ. ಎಣ್ಣೆಯ ತಟ್ಟೆಯನ್ನು ಅವನು ಇನ್ನೂ ಎರಡೂ ಕೈಯಲ್ಲಿ ಹಿಡಿದಿದ್ದ.

ಅಮರೇಶಪ್ಪ ಅವನನ್ನು ನೋಡಿದ. ಮತ್ತೆ ಹಾಳೆಗೆ ಬಾಗಿದ. ಕಾರಣ: ಎಂಜಿನ್ ನಿಂತಿರುವಾಗ, ಬೈಪಾಸ್ ತೆರೆಯದೆ, ಬೇರೆ ವಾಹನದಿಂದ ಎಳೆದದ್ದು. ಯಾರ ಹೆಸರನ್ನೂ ಬರೆಯಲಿಲ್ಲ. ಕೆಳಗೆ ತನ್ನ ಸಹಿ ಹಾಕಿದ.

ಸುಬ್ಬರಾಯರ ಚಪ್ಪಲಿಯ ಸದ್ದು ಶೆಡ್ಡಿನಿಂದ ಹೊರಗೆ, ಜೀಪಿನ ಕಡೆಗೆ ಹೋಯಿತು. ಬಂಡೆಪ್ಪ ತಟ್ಟೆಯನ್ನು ತುಳುಕದಂತೆ ನೆಲಕ್ಕಿಟ್ಟು, ಕೈ ಒರೆಸಿಕೊಳ್ಳದೆಯೇ ಇನ್ನೊಂದು ಬಾಗಿಲಿನಿಂದ ಹೊರಟ. ಅಮರೇಶಪ್ಪ ಕರೆಯಲಿಲ್ಲ. ಹಾಳೆಯಲ್ಲಿ ಇನ್ನೊಂದು ಖಾನೆ ಖಾಲಿಯಿತ್ತು.

"ನರಸಿಂಹ, ಬೆಳಕಿಗೆ ಹಿಡಿ," ಎಂದ.

ನರಸಿಂಹ ಮೋಟಾರಿನ ತಟ್ಟೆಯನ್ನು ಬಾಗಿಲ ಬಿಸಿಲಿಗೆ ಒಡ್ಡಿದ. ಅಮರೇಶಪ್ಪ ಗೇಜಿನ ಮೊನೆಯನ್ನು ಎಲ್ಲಕ್ಕಿಂತ ದಪ್ಪನೆಯ ಗೀರಿನೊಳಗೆ ಇಳಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಮೂರು ಸಲ ಓದಿ, ಬರೆದ: ಆಳ, 0.18 ಮಿಲಿಮೀಟರ್.